ಐದು ದಿನದ ಹೊಗೆ

ಆಲ್ಬನಿ
ಸೆಪ್ಟೆಂಬರ್ 7, 2014

ಅಪ್ಪಾ,

ಹೀಗಾಗುತ್ತಿರುವುದು ಇದು ಸತತ ಮೂರನೆಯ ಭಾನುವಾರ. ಏಳು ಗಂಟೆಗೆ ಸರಿಯಾಗಿ ಫೋನ್ ಮಾಡಿದೆ. ನೀನು ಎತ್ತಿದೆ. ನಾನು ನಾಲ್ಕು ಮಾತು ಆಡುವಷ್ಟರಲ್ಲಿ "ಸರಿ ಸರಿ, ಒಳ್ಳೇದು, ಮೈ ನೋಡ್ಕೋ" ಎಂದು ಇಟ್ಟುಬಿಟ್ಟೆ. ಅಮ್ಮ ಇದ್ದಾಗ ಫೋನ್ ಅವಳ ಕೈಗೆ ಕೊಟ್ಟು ನೀನು ಎದ್ದು ಹೋಗುತ್ತಿದ್ದೆ. ಈಗ ಕೊಡಲು ಯಾರೂ ಇಲ್ಲವೆಂದು ಇಟ್ಟೇಬಿಡುತ್ತೀಯ.

ಇನ್ನು ಫೋನ್ ಮಾಡುವುದಿಲ್ಲ. ಸಿಟ್ಟಿದ್ದರೆ ಕಾಗದದಲ್ಲಿ ಬರೆ, ಓದುತ್ತೇನೆ. ಸಿಟ್ಟು ಯಾವುದಕ್ಕೆ ಎಂಬುದು ನನಗೆ ಗೊತ್ತು. ನಿಮ್ಮದರಂಥ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಬಿಡುವ ಹೊಗೆಯ ಲೆಕ್ಕ ಬರುವ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೇನೆ, ಅದಕ್ಕೆ. ಅಮ್ಮನನ್ನು ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ನಿನ್ನ ಗೆಳೆಯ ಲೂಡಿ ಮಾಮ ಎಲ್ಲರ ಮುಂದೆ "ಹೊಗೆ ಎಣಿಸೋ ಗುಮಾಸ್ತೆ ಬಂದ್ಲು, ಉಸಿರು ಬಿಗಿ ಹಿಡ್ಕೊಳ್ರಪ್ಪಾ" ಅಂದ. ಎಲ್ಲರೂ ನಕ್ಕರು. ನೀನು ತಟ್ಟೆ ನೋಡುತ್ತಾ ಕೂತಿದ್ದೆ. ಅದನ್ನಾದರೂ ಮರೆಯಬಹುದು. ಈ ಮಾರ್ಚ್‌ನಲ್ಲಿ ನಾನು ಫೋನಿನಲ್ಲಿ ಹೇಳಿದ್ದಕ್ಕೆ ನೀನು ಕೊಟ್ಟ ಉತ್ತರವನ್ನು ಮರೆಯಲು ಆಗುತ್ತಿಲ್ಲ.

ನಿನ್ನ ಮಗಳು,
ರೆನಾಟಾ

*

ಬ್ಯಾರೆಟ್ ಹಾರ್ಬರ್
ಸೆಪ್ಟೆಂಬರ್ 21, 2014

ಮಗಳು ರೆನಾಟಾಗೆ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಬಲಕ್ಕೆ ವಾಲುತ್ತದೆ. ನನಗೆ ಸಿಟ್ಟಿಲ್ಲ. ಫೋನು ನನಗೆ ಒಗ್ಗುವುದಿಲ್ಲ, ಅಷ್ಟೇ. ಕಾಗದ ಒಳ್ಳೆಯದು. ಬರೆಯುತ್ತಿರು.

ಇಲ್ಲಿ ಸುದ್ದಿ ಇದೆ. ಮಾಲೀಕರು ನೋಟಿಸು ಹಾಕಿದ್ದಾರೆ. ನಿಮ್ಮ ಒಂಬತ್ತು ರಾಜ್ಯಗಳು ಸೇರಿ ಇಂಗಾಲದ ಹೊಗೆಗೆ ಹಾಕಿದ ಮಿತಿಯನ್ನು ಈ ವರ್ಷ ಅರ್ಧಕ್ಕೆ ಹತ್ತಿರ ಇಳಿಸಿದ ಮೇಲೆ ಹರಾಜಿನಲ್ಲಿ ಚೀಟಿ ತುಟ್ಟಿಯಾಗಿದೆಯಂತೆ. ಬಿಡುವ ಒಂದು ಟನ್ ಹೊಗೆಗೆ ಒಂದು ಚೀಟಿ ಎಂಬುದನ್ನು ನಿನಗೆ ನಾನು ಹೇಳಬೇಕಿಲ್ಲ. ಈ ವರ್ಷಕ್ಕೆಂದು ಅವರು ಕೊಂಡಿರುವುದು ಹನ್ನೆರಡು ಲಕ್ಷ ಚೀಟಿ. ಡಿಸೆಂಬರ್ ಮುಗಿಯುವುದರೊಳಗೆ ಹೊಗೆ ಅಷ್ಟರಲ್ಲಿ ನಿಂತರೆ ಇನ್ನು ಮೂರು ವರ್ಷ ಸ್ಥಾವರ ನಡೆಸುತ್ತಾರೆ. ದಾಟಿದರೆ, ದಾಟಿದಷ್ಟಕ್ಕೆ ಚೀಟಿ ಕೊಂಡು ಕೊಟ್ಟು, ಫೆಬ್ರವರಿ ಕೊನೆಗೆ ಬೆಂಕಿ ಆರಿಸುತ್ತಾರೆ. ಎಪ್ಪತ್ತೆರಡು ಜನ ಇದ್ದೇವೆ.

ಲೂಡಿ ಕಂಟ್ರೋಲ್ ರೂಮಿನ ಹಲಗೆಯ ಮೇಲೆ ಪಾಳಿ ಮುಗಿಯುವಾಗ ಉಳಿದ ಟನ್ ಎಷ್ಟು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ನಿನ್ನೆ ನನಗೆ, "ಲಿಯೋನ್, ನಾನು ರಾತ್ರಿ ಹುರುಳಿಕಾಯಿ ತಿಂದಿದೀನಿ. ಅದಕ್ಕೂ ಚೀಟಿ ಬೇಕಾ ಅಂತ ನಿನ್ ಮಗಳನ್ನ ಕೇಳಿ ಹೇಳು ಮಾರಾಯ" ಅಂದ. ಅವನ ಅತ್ತೆಯ ಮನೆಗೆ ಚಳಿ ತಡೆಯುವ ಹೊಸ ಕಿಟಕಿಯನ್ನು ಸರ್ಕಾರ ಹಾಕಿಸಿಕೊಟ್ಟದ್ದು ಅದೇ ಹರಾಜಿನ ಹಣದಲ್ಲಿ. ಅದನ್ನು ನಾನು ನೆನಪಿಸಿದೆ. "ಕಿಟಕಿ ಚೆನ್ನಾಗಿದೆ ಕಣೋ, ಅವಳು ಒಳಗೇ ಇರ್ತಾಳೆ, ಅದೇ ತೊಂದ್ರೆ" ಅಂದ.

ಹೊಗೆ ಅಳೆಯುವ ಯಂತ್ರ ಹಳೆಯದು. ಈ ವರ್ಷ ನಾಲ್ಕು ಸಲ ಕೈಕೊಟ್ಟಿದೆ. ಪ್ರತಿದಿನ ಹೋಗಿ ನೋಡಿಕೊಂಡು ಬರುತ್ತೇನೆ. ಈಗಲೂ ಗಾಜನ್ನು ಎರಡು ಸಲ ಬೆರಳಗೆಣ್ಣಿನಲ್ಲಿ ತಟ್ಟದೆ ಮುಳ್ಳನ್ನು ನಂಬುವುದಿಲ್ಲ. ನೀನು ಚಿಕ್ಕವಳಿದ್ದಾಗ ನಿನ್ನ ಜ್ವರದ ಕಡ್ಡಿಯನ್ನೂ ನಾನು ಹೀಗೇ ತಟ್ಟಿ ಓದುತ್ತಿದ್ದೆ.

ನಿನ್ನ ಅಪ್ಪ

*

ಆಲ್ಬನಿ
ಅಕ್ಟೋಬರ್ 12, 2014

ಅಪ್ಪಾ,

ನೋಟಿಸಿನ ವಿಷಯ ಓದಿದೆ. ನಿಮ್ಮ ಸ್ಥಾವರದ ಕಡತವನ್ನು ನಾನು ಮುಟ್ಟುವ ಹಾಗಿಲ್ಲ. ಅಪ್ಪ ಅಲ್ಲಿ ಕೆಲಸಕ್ಕಿದ್ದಾನೆ ಎಂದು ಸೇರುವಾಗಲೇ ಬರೆದುಕೊಟ್ಟಿದ್ದೇನೆ. ಬೇರೆಯವರು ನೋಡುತ್ತಾರೆ.

ಈ ಕೆಲಸವನ್ನು ನಾನು ನಿನ್ನ ಮೇಲಿನ ಹಗೆಗೆ ಹಿಡಿದದ್ದಲ್ಲ. ಅಮ್ಮ ಒಣಗಲು ಹಾಕಿದ ಬಿಳಿ ಬಟ್ಟೆಯನ್ನು ಮತ್ತೆ ಒಗೆಯುತ್ತಿದ್ದದ್ದು ನೆನಪಿದೆಯೇ? ಮಸಿ ಕಣ್ಣಿಗೆ ಕಾಣುತ್ತಿತ್ತು. ಕಾಣದೆ ಮೇಲೇರುವ ಇಂಗಾಲವೂ ಇದೆ ಎಂದು ಆಮೇಲೆ ಓದಿ ತಿಳಿದೆ. ನೀನು ಚಿಕ್ಕವನಿದ್ದಾಗ ಸರೋವರ ಡಿಸೆಂಬರಿಗೇ ಹೆಪ್ಪುಗಟ್ಟುತ್ತಿತ್ತು ಎಂದವನು ನೀನೇ. ಈಗ ಜನವರಿಯಲ್ಲೂ ದೋಣಿ ಹೋಗುತ್ತದೆ.

ಮಾರ್ಚಿನ ಮಾತಿಗೆ ನೀನು ಈ ಸಲವೂ ಏನೂ ಬರೆದಿಲ್ಲ. ನಿನ್ನ ಅಳಿಯ ಓವೆನ್ "ಇನ್ನೊಂದ್ಸಲ ಕೇಳು, ಗಂಡಸರಿಗೆ ಬೇಗ ಬಾಯಿ ಬರಲ್ಲ" ಅನ್ನುತ್ತಾನೆ. ನಾನು ಕೇಳುವುದಿಲ್ಲ.

ರೆನಾಟಾ

*

ಬ್ಯಾರೆಟ್ ಹಾರ್ಬರ್
ನವೆಂಬರ್ 30, 2014

ರೆನಿ,

ಇಷ್ಟು ದಿನ ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ. ಕುಳಿತು ಓದು.

ಈ ತಿಂಗಳು ಬಿದ್ದ ಹಿಮ ಸುದ್ದಿಯಲ್ಲಿ ನೋಡಿರುತ್ತೀಯ. ಜಿಂಕೆ ಬೇಟೆ ಶುರುವಾದ ವಾರ ಅದು. ಅರ್ಧ ಜನ ಕಾಡಿನಲ್ಲಿದ್ದರು. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದೆಮಟ್ಟ ಹಿಮ. ಲೂಡಿ, ನಾನು, ಇನ್ನು ನಾಲ್ವರು ಐದು ದಿನ ಸ್ಥಾವರದ ಒಳಗೇ ಸಿಕ್ಕಿಕೊಂಡೆವು. ತಂತಿಗಳ ಮೇಲೆ ಮಂಜು ಕಟ್ಟಿ ವಿದ್ಯುತ್ ಹೊರಗೆ ಕಳಿಸಲು ಆಗುತ್ತಿರಲಿಲ್ಲ. ಬೆಂಕಿ ಆರದಿರಲಿ ಎಂದು ಕಾಲು ಭಾಗ ಮಾತ್ರ ಉರಿಸಿದೆವು. ಗಂಟೆಗೆ ಎಪ್ಪತ್ತು ಟನ್ ಹೊಗೆ, ಅದಕ್ಕಿಂತ ಹೆಚ್ಚಿಲ್ಲ. ಲೂಡಿ ಖುಷಿಯಲ್ಲಿ ಹಲಗೆಯ ಮೇಲೆ ಹೂವು ಬರೆದ. ಆರು ಸಾವಿರ ಟನ್ ಉಳಿಸಿಕೊಂಡೇ ವರ್ಷ ಮುಗಿಸುತ್ತೇವೆ ಎಂದು ಲೆಕ್ಕ ಹಾಕಿದ್ದೆವು.

ಆದರೆ ಚಿಮಣಿಯ ಬುಡದ ಗುಡಿಸಲಿನಲ್ಲಿರುವ ಯಂತ್ರ ಪ್ರತಿದಿನ ಬೆಳಿಗ್ಗೆ ಬಾಟಲಿಯಿಂದ ಒಂದು ಗುಟುಕು ಅನಿಲ ಎಳೆದುಕೊಂಡು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದಲ್ಲ, ಆ ಪರೀಕ್ಷೆ ಮೊದಲ ದಿನವೇ ಸೋತಿತ್ತು. ಸೋತರೆ ನನ್ನ ಕೋಣೆಯಲ್ಲಿ ಹಾರ್ನ್ ಕೂಗಬೇಕು. ಹಾರ್ನೂ ಕೆಟ್ಟಿತ್ತು. ಐದು ದಿನ ಯಾರಿಗೂ ಗೊತ್ತಾಗಲಿಲ್ಲ. ಪರೀಕ್ಷೆಯಲ್ಲಿ ಸೋತ ಯಂತ್ರದ ಅಂಕಿಗೆ ಬೆಲೆ ಇಲ್ಲ. ಅದರ ಜಾಗದಲ್ಲಿ ಏನು ಬರೆಯುತ್ತಾರೆ ಎಂಬುದು ನಿನಗೆ ಗೊತ್ತು. ಈ ವರ್ಷ ಆಗಲೇ ನಾಲ್ಕು ಸಲ ಕೆಟ್ಟ ಯಂತ್ರವಾದ್ದರಿಂದ ಅತಿ ಹೆಚ್ಚಿನ ಅಂಕಿ ಬರೆಯುತ್ತಾರೆ. ಎಪ್ಪತ್ತರ ಬದಲು ಇನ್ನೂರ ಅರವತ್ತು, ಪ್ರತಿ ಗಂಟೆಗೂ. ನಾವು ಬಿಡದ ಇಪ್ಪತ್ತೊಂದು ಸಾವಿರ ಟನ್ ನಮ್ಮ ತಲೆಯ ಮೇಲೆ ಬಂದಿದೆ. ಡಿಸೆಂಬರಿನ ಚಳಿಯಲ್ಲಿ ಬೆಂಕಿ ತಗ್ಗಿಸುವ ಹಾಗಿಲ್ಲ, ವರ್ಷ ಮುಗಿಯುವಾಗ ಮಿತಿಗಿಂತ ಹದಿನೈದು ಸಾವಿರ ಮೇಲೆ ಹೋಗಿರುತ್ತೇವೆ.

ರೆನಿ, ನಾನು ಯಾವತ್ತೂ ನಿನ್ನನ್ನು ಏನೂ ಕೇಳಿಲ್ಲ. ಆ ಹೊಗೆ ಮೇಲೆ ಹೋಗಲೇ ಇಲ್ಲ. ನಾನು ಅಲ್ಲೇ ಇದ್ದೆ. ಸುಳ್ಳು ಅಂಕಿಯನ್ನು ತೆಗೆದು ನಿಜವಾದದ್ದನ್ನು ಇಡು ಎನ್ನುತ್ತಿದ್ದೇನೆ, ಅಷ್ಟೇ. ನಿಮ್ಮ ಕಚೇರಿಯಲ್ಲಿ ಯಾರನ್ನಾದರೂ ಹಿಡಿ. ಕಾಲಿಗೆ ಬೀಳು ಎಂದರೆ ಬಂದು ಬೀಳುತ್ತೇನೆ. ಉಳಿದ ಎಪ್ಪತ್ತೊಂದು ಜನ ನನ್ನ ಮುಖ ನೋಡುತ್ತಿದ್ದಾರೆ. ನನ್ನನ್ನು ಬೈಯದೆ ಹಿಮವನ್ನು ಬೈಯುತ್ತಾರೆ. ಅದೇ ತಡೆಯಲು ಆಗುತ್ತಿಲ್ಲ.

ಬೇಗ ಬರೆ.

ಅಪ್ಪ

*

ಆಲ್ಬನಿ
ಡಿಸೆಂಬರ್ 5, 2014

ಅಪ್ಪಾ,

ಆಗುವುದಿಲ್ಲ. ಆ ಕಡತ ನನ್ನ ಮೇಜಿಗೆ ಬರುವುದಿಲ್ಲ. ಬಂದಿದ್ದರೂ ನಾನು ಅಂಕಿ ತಿದ್ದುತ್ತಿರಲಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀನು ಕಲಿಸಿದ ಹಾಗೆ ಎರಡು ಸಲ ತಟ್ಟಿ ನೋಡಿದೆ. ಒಂದು ಕಡೆ ಮುಳ್ಳು ಅಲುಗುತ್ತದೆ. ಹಾರ್ನೂ ಕೆಟ್ಟಿತ್ತು ಎಂದಿದ್ದೀಯ. ನಲವತ್ತು ವರ್ಷದಲ್ಲಿ ನಿನ್ನ ಕೈಕೆಳಗಿನ ಹಾರ್ನ್ ಕೆಟ್ಟದ್ದನ್ನು ನಾನು ಕೇಳಿಲ್ಲ. ಅಮ್ಮನ ಹುಟ್ಟುಹಬ್ಬ ಮರೆತರೂ ನೀನು ಅದರ ತಂತಿ ನೋಡುವುದನ್ನು ಮರೆತವನಲ್ಲ.

ಇದು ಮುಖ್ಯ, ಅದಕ್ಕೇ ಕೇಳುತ್ತಿದ್ದೇನೆ. ಹಾರ್ನ್ ನಿಜಕ್ಕೂ ಕೆಟ್ಟಿತ್ತೇ?

ರೆನಾಟಾ

*

ಬ್ಯಾರೆಟ್ ಹಾರ್ಬರ್
ಡಿಸೆಂಬರ್ 13, 2014

ರೆನಿ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ.

ಹಾರ್ನ್ ಕೆಟ್ಟಿರಲಿಲ್ಲ. ಐದು ದಿನ ಕೂಗಿತು. ನಾನು ಅದರ ಕೆಳಗೇ ಮಂಚ ಹಾಕಿಕೊಂಡು ಮಲಗಿದ್ದೆ. ಉಳಿದ ಐವರು ದೂರದ ಬಾಯ್ಲರ್ ಕಡೆಯ ಗದ್ದಲದಲ್ಲಿದ್ದರು, ಅವರಿಗೆ ಕೇಳಿಸುವ ಹಾಗಿರಲಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಹೋಗಿ ಎಂಟು ವರ್ಷವಾಯಿತು. ಬಲಗಿವಿ ನಿನ್ನ ಅಮ್ಮ ಹೋಗುವ ಹೊತ್ತಿಗೆ ಹೋಯಿತು. ಅವಳಿಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳಬೇಡ ಎಂದು ನಾನೇ ಆಣೆ ಹಾಕಿಸಿದ್ದೆ. ಕಿವಿ ಇಲ್ಲದವನನ್ನು ಯಂತ್ರದ ಹತ್ತಿರ ಬಿಡುವುದಿಲ್ಲ. ಕಿವಿಗೆ ಮಿಷನ್ ಹಾಕಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಟರ್ಬೈನ್ ಹಾಲಿನ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವುದು, ಕೈಸನ್ನೆ ಮಾಡುವುದು. ಅಲ್ಲಿ ಕಿವುಡನಾಗಿ ಬದುಕುವುದು ಸುಲಭ. ಹೊರಗೆ ಬಂದರೆ ಕಷ್ಟ. ಹೊಸ ಸೂಪರ್‌ವೈಸರ್ ಮೀಸೆ ಬಿಟ್ಟಿದ್ದಾನೆ, ತುಟಿ ಕಾಣುವುದಿಲ್ಲ. ಅವನು ಏನು ಹೇಳಿದರೂ ನಾನು "ಆಯ್ತು ಸಾರ್" ಅನ್ನುತ್ತೇನೆ.

ಕೋಣೆಯಲ್ಲಿ ಹಾರ್ನಿನ ಜೊತೆ ಒಂದು ಕೆಂಪು ದೀಪವೂ ಇದೆ. ನಾನು ಬದುಕುತ್ತಿದ್ದದ್ದು ಆ ದೀಪದಿಂದ. ಮಂಗಳವಾರ ಹಿಮ ತೋಡಿ ಬಂದವನು ಒದ್ದೆ ಕೋಟನ್ನು ಒಣಗಲಿ ಎಂದು ಗೋಡೆಯ ಮೊಳೆಗೆ ನೇತುಹಾಕಿದೆ. ದೀಪ ಅದರ ಹಿಂದೆ ಇತ್ತು. ಗುಡಿಸಲಿಗೆ ಹೋಗಿ ನೋಡೋಣವೆಂದರೆ ಬಾಗಿಲ ತನಕ ಹಿಮ. ದೀಪ ಹತ್ತಿಲ್ಲವಲ್ಲ ಎಂದು ಸುಮ್ಮನಾದೆ.

ಶನಿವಾರ ಬಾಯ್ಲರ್ ಕಡೆಯಿಂದ ಲೂಡಿ ಬಂದ. ನಾನು ಕಣ್ಣು ಬಿಟ್ಟಾಗ ಅವನು ಎರಡೂ ಕಿವಿ ಮುಚ್ಚಿಕೊಂಡು ನನ್ನ ಮುಂದೆ ನಿಂತಿದ್ದ. ನನ್ನನ್ನು ನೋಡಿದ, ಹಾರ್ನ್ ನೋಡಿದ. ಕೋಟು ತೆಗೆದ. ಗುಂಡಿ ಒತ್ತಿ ಹಾರ್ನ್ ನಿಲ್ಲಿಸಿದ. ಆಮೇಲೆ ನನ್ನ ಮುಂದೆ ಕೂತು, ತುಟಿ ನಿಧಾನವಾಗಿ ಅಲ್ಲಾಡಿಸಿ, "ಎಷ್ಟ್ ವರ್ಷದಿಂದ ಕಣೋ?" ಅಂದ. ನಾನು ಬೆರಳು ತೋರಿಸಿದೆ. "ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ ಜೋಕೆಲ್ಲ ದಂಡನಾ, ದರಿದ್ರ ನನ್ಮಗನೇ?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಹಾರ್ನ್ ಕೆಟ್ಟಿತ್ತು ಎಂದು ಎಲ್ಲರಿಗೂ ಹೇಳಿದವನು ಅವನೇ. ನಾನು ಬೇಡ ಅನ್ನಲಿಲ್ಲ.

ಮನೆಯಲ್ಲಿ ಫೋನನ್ನು ತಗಡಿನ ತಟ್ಟೆಯ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಚಮಚ. ಫೋನ್ ಬಡಿದುಕೊಂಡರೆ ಚಮಚ ಅಲುಗುತ್ತದೆ. ಭಾನುವಾರ ಏಳಕ್ಕೆ ಅಲುಗಿದರೆ ಅದು ನೀನೇ. ಎತ್ತುತ್ತೇನೆ, ನೀನು ಮಾತಾಡುತ್ತಿದ್ದೀಯ ಎಂದುಕೊಂಡು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತೇನೆ. ಆಮೇಲೆ ಸರಿ ಸರಿ, ಒಳ್ಳೇದು, ಮೈ ನೋಡ್ಕೋ ಅನ್ನುತ್ತೇನೆ. ಹೆಚ್ಚು ಹೊತ್ತು ಹಿಡಿದರೆ ನಿನಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ.

ಅಮ್ಮನ ಊಟದ ದಿನ ಲೂಡಿ ಏನಂದ ಎಂಬುದು ನಿನ್ನ ಕಾಗದದಿಂದಲೇ ನನಗೆ ತಿಳಿದದ್ದು. ನಾನು ತಟ್ಟೆ ನೋಡುತ್ತಿದ್ದೆ.

ಮಾರ್ಚ್‌ನಲ್ಲಿ ನೀನು ಏನು ಹೇಳಿದೆ, ಮಗಳೇ?

ಅಪ್ಪ

*

ಆಲ್ಬನಿ
ಡಿಸೆಂಬರ್ 19, 2014

ಅಪ್ಪಾ,

ಮಗು ಉಳಿಯಲಿಲ್ಲ ಎಂದು ಹೇಳಿದ್ದೆ. ಬಸಿರಿಗೆ ಐದು ತಿಂಗಳಾಗಿತ್ತು. ಹೆಣ್ಣು. ಮೊದಲು ನಿನಗೇ ಹೇಳಬೇಕು ಅನ್ನಿಸಿತು, ಆಸ್ಪತ್ರೆಯಿಂದ ಬಂದ ದಿನವೇ ಫೋನ್ ಮಾಡಿದ್ದೆ.

ನೀನು ಏನೆಂದೆ ಎಂದು ಇನ್ನು ಬರೆಯಬೇಕಿಲ್ಲ. ನಿನಗೇ ಗೊತ್ತು.

ನಿನ್ನೆ ರಾತ್ರಿ ಓವೆನ್‌ಗೆ ನಿನ್ನ ಕಾಗದ ಓದಿ ಹೇಳಿದೆ. ಚಮಚದ ಹತ್ತಿರ ಬಂದಾಗ ಮುಂದೆ ಓದಲು ಆಗಲಿಲ್ಲ. ಇಬ್ಬರೂ ಎಂಥ ಮೂರ್ಖರು ಅಪ್ಪಾ, ನೀನೂ ನಾನೂ. ಆರು ಗಂಟೆಯ ದಾರಿ ಅಷ್ಟೇ. ನಾನು ಒಮ್ಮೆ ಕಾರು ಹತ್ತಿ ಬಂದು ನಿನ್ನ ಎದುರು ಕೂತಿದ್ದರೆ ಸಾಕಿತ್ತು.

ಈಗ ಕೆಲಸದ ಮಾತು. ಇದನ್ನು ಯಾರು ಬೇಕಾದರೂ ನಿಯಮದ ಪುಸ್ತಕದಲ್ಲಿ ಓದಬಹುದು, ಆದ್ದರಿಂದ ನಾನೂ ಹೇಳಬಹುದು. ಯಂತ್ರವೂ ಹಾರ್ನೂ ಎರಡೂ ಸತ್ತಿದ್ದವು ಎಂದಾದರೆ ಆ ಐದು ದಿನ ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ, ದೊಡ್ಡ ಅಂಕಿಯೇ ನಿಲ್ಲುತ್ತದೆ. ಹಾರ್ನ್ ಕೂಗುತ್ತಿತ್ತು ಎಂದಾದರೆ ಯಂತ್ರ ಜೀವಂತವಾಗಿತ್ತು ಎಂದರ್ಥ. ಪರೀಕ್ಷೆಯ ಅನಿಲ ಬರುವ ಕೊಳವೆ ಮಾತ್ರ ಹೆಪ್ಪುಗಟ್ಟಿತ್ತು, ಹೊಗೆ ಎಳೆಯುವ ಕೊಳವೆ ಸರಿಯಿತ್ತು ಎಂದು ತೋರಿಸಬಹುದು. ಹಾಗೆ ತೋರಿಸಿ, ನಿಜವಾದ ಅಂಕಿಯನ್ನೇ ಹಿಡಿಯಿರಿ ಎಂದು ಸ್ಥಾವರದವರು ಮೇಲಿನ ಕಚೇರಿಗೆ ಅರ್ಜಿ ಹಾಕಬಹುದು. ಅದಕ್ಕೆ ಅಲ್ಲಿದ್ದವನು ಪ್ರಮಾಣ ಮಾಡಿ ಬರೆದುಕೊಡಬೇಕು. ಕೂಗುತ್ತಿದ್ದ ಹಾರ್ನಿಗೆ ಯಾಕೆ ಏಳಲಿಲ್ಲ ಎಂಬುದನ್ನೂ ಬರೆಯಬೇಕು.

ಬರೆ ಎಂದು ನಾನು ಹೇಳುವುದಿಲ್ಲ. ಬರೆದರೆ ನಿನ್ನ ಕೆಲಸ ಉಳಿಯುವುದಿಲ್ಲ. ಉಳಿದ ಎಪ್ಪತ್ತೊಂದು ಜನರದ್ದು ಉಳಿಯಬಹುದು, ಉಳಿಯದೆಯೂ ಇರಬಹುದು.

ರೆನಿ

*

ಬ್ಯಾರೆಟ್ ಹಾರ್ಬರ್
ಜನವರಿ 11, 2015

ರೆನಿ,

ಮಗುವಿನ ವಿಷಯಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಅಮ್ಮನ ಸಮಾಧಿಗೆ ಹೋಗಿ ಹೇಳಿ ಬಂದೆ. ಹಿಮ ಮಂಡಿಮಟ್ಟ ಇತ್ತು. ನಾನು ಜೋರಾಗಿ ಹೇಳಿದೆನೋ ಮೆಲ್ಲಗೆ ಹೇಳಿದೆನೋ ನನಗೇ ತಿಳಿಯಲಿಲ್ಲ. ಕಾಗೆಗಳು ಎದ್ದು ಹಾರಿದವು, ಜೋರಾಗಿಯೇ ಹೇಳಿರಬೇಕು.

ಲೂಡಿಯ ಹತ್ತಿರ ಮೊದಲು ಹೋದೆ. ನಾನು ನಿಜ ಬರೆದರೆ ಅವನು ಹೇಳಿದ್ದು ಸುಳ್ಳಾಗುತ್ತದೆ. ಶುಕ್ರವಾರದ ಮೀನೂಟಕ್ಕೆ ಕೂತಿದ್ದ. ಮೀನು ಅಗಿಯುತ್ತಾ ಮಾತಾಡಿದರೆ ನನಗೆ ಓದಲು ಆಗುವುದಿಲ್ಲ ಎಂದು ಈಗ ಅವನಿಗೆ ಗೊತ್ತು. ನುಂಗಿ, ಬಾಯಿ ಒರೆಸಿಕೊಂಡು ಅಂದ: "ಬರ್ದ್‌ಬಿಡು ಮಾರಾಯ. ನಾನು ಸುಳ್ಳ ಅಂತ ನನ್ ಹೆಂಡ್ತಿಗೆ ಮೂವತ್ತು ವರ್ಷದಿಂದ ಗೊತ್ತು. ಕಂಪನಿಗೂ ಗೊತ್ತಾಗ್ಲಿ ಬಿಡು."

ಪ್ರಮಾಣ ಮಾಡಿ ಬರೆದುಕೊಟ್ಟೆ. ಸೂಪರ್‌ವೈಸರ್ ಓದಿದ. ಆಮೇಲೆ ಏನೋ ಹೇಳಿದ. ಮೀಸೆ. ನಾನು "ಕಾಗದದ ಮೇಲೆ ಬರೀರಿ ಸಾರ್" ಅಂದೆ. ಜೀವನದಲ್ಲಿ ಮೊದಲ ಸಲ ಅಂದೆ. ಅವನು ಬರೆದ: "ಇವತ್ತೇ ಹೊರಡಬೇಕಾಗುತ್ತೆ, ಲಿಯೋನ್. ಕ್ಷಮಿಸಿ."

ಅರ್ಜಿ ಹೋಗಿದೆ. ಬ್ಯಾಡ್ಜು ಕೊಟ್ಟು ಬಂದೆ. ಗೇಟು ದಾಟುವಾಗ ಮೈಯೆಲ್ಲ ಹಗುರವಾಗಿಬಿಟ್ಟಿತು. ಟರ್ಬೈನಿನ ನಡುಕ ನೆಲದಿಂದ ಕಾಲಿಗೆ ಬರುತ್ತಿತ್ತಲ್ಲ, ನನಗೆ ಉಳಿದಿದ್ದ ಸದ್ದು ಅದೊಂದೇ. ರಸ್ತೆಗೆ ಬಂದ ಮೇಲೆ ಅದೂ ಇಲ್ಲ.

ಮಾರ್ಚ್ ಒಂದಕ್ಕೆ ಮುಂಚೆ ಉತ್ತರ ಬರಲೇಬೇಕು. ನೀನು ಏನೂ ಮಾಡುವ ಹಾಗಿಲ್ಲ, ಗೊತ್ತು. ಆದರೂ ಬರೆಯುತ್ತಿದ್ದೇನೆ.

ಅಪ್ಪ

*

ಆಲ್ಬನಿ
ಫೆಬ್ರವರಿ 15, 2015

ಅಪ್ಪಾ,

ಉತ್ತರ ಬಂದಿಲ್ಲವೆಂದು ಲೂಡಿ ಮಾಮನ ಕಾಗದ ಬಂತು. ಅವನು ನನಗೆ ಬರೆದದ್ದು ಇದೇ ಮೊದಲು. "ಗುಮಾಸ್ತೆ ಅಂದಿದ್ದಕ್ಕೆ ತಪ್ಪಾಯ್ತು ತಾಯಿ. ಆ ಮೇಲಿನೋರು ಓದೋಕೆ ಬರದವರೋ, ನಿಧಾನ ಓದ್ತಾರೋ, ಒಂದು ಮಾತು ಕೇಳೋಕಾಗುತ್ತಾ?" ಎಂದು ಬರೆದಿದ್ದಾನೆ.

ಕೇಳಲು ಆಗುವುದಿಲ್ಲ. ನಾನು ಕೇಳಿದೆ ಎಂದು ಗೊತ್ತಾದರೆ ಅರ್ಜಿಗೇ ಕುತ್ತು. ಮೇಲಿನ ಕಚೇರಿಯ ಉತ್ತರ ಮೊದಲು ತಿಳಿಯುವುದು ಇಲ್ಲಿ ಆ ಕಡತ ನೋಡುವವನಿಗೆ, ಅವನು ನನ್ನಿಂದ ಮೂರು ಮೇಜಿನ ಆಚೆ ಕೂರುತ್ತಾನೆ. ದಿನವೂ ಅವನಿಗೆ "ಗುಡ್ ಮಾರ್ನಿಂಗ್" ಹೇಳಿ ತಲೆ ತಗ್ಗಿಸಿ ಹೋಗುತ್ತೇನೆ. ಮಿತಿ ಬೇಕು ಎಂದು ಈಗಲೂ ನಂಬುತ್ತೇನೆ. ನಂಬುತ್ತಲೇ, ಈ ಒಂದು ಸಲ ಮಿತಿ ದಾಟಿದ ಲೆಕ್ಕ ಸುಳ್ಳಾಗಲಿ ಎಂದು ಬಚ್ಚಲಲ್ಲಿ ನಿಂತು ಬೇಡಿಕೊಳ್ಳುತ್ತೇನೆ.

ಒಂದು ಕೇಳುತ್ತೇನೆ. ಭಾನುವಾರ ಏಳಕ್ಕೆ ಫೋನ್ ಮಾಡುತ್ತೇನೆ, ಮೊದಲಿನ ಹಾಗೆ. ಚಮಚ ಅಲುಗಿದರೆ ಎತ್ತು. ನೀನು ಏನೂ ಹೇಳಬೇಕಾಗಿಲ್ಲ. ಗಾಜನ್ನು ತಟ್ಟುವ ಹಾಗೆ ಎರಡು ಸಲ ತಟ್ಟು. ನೀನು ಇದ್ದೀಯ ಎಂದು ನನಗೆ ಗೊತ್ತಾಗುತ್ತದೆ. ನಾನೂ ತಟ್ಟುತ್ತೇನೆ.

ಮಂಜು ಕರಗಿದ ಕೂಡಲೇ ನಾನೂ ಓವೆನ್ನೂ ಬರುತ್ತೇವೆ.

ರೆನಿ

*

ಬ್ಯಾರೆಟ್ ಹಾರ್ಬರ್
ಮಾರ್ಚ್ 23, 2015

ರೆನಿ,

ಇಷ್ಟು ವಾರ ಚಮಚ ಅಲುಗುವುದನ್ನು ನೋಡುತ್ತಾ ಕೂತಿದ್ದೆ, ಎತ್ತಲಿಲ್ಲ. ಕ್ಷಮಿಸು. ಎತ್ತಲು ಮುಖವಿರಲಿಲ್ಲ.

ಫೆಬ್ರವರಿ 27ರಂದು ಬೆಂಕಿ ಆರಿಸಿದರು. ಕೊನೆಯ ಕಲ್ಲಿದ್ದಲು ಹಾಕಿದವನು ಲೂಡಿ. ನಾನು ಸರೋವರದ ದಂಡೆಯಿಂದ ನೋಡುತ್ತಿದ್ದೆ. ಹೊಗೆ ತೆಳ್ಳಗಾಯಿತು, ಬೆಳ್ಳಗಾಯಿತು, ಆಮೇಲೆ ಚಿಮಣಿಯ ಹಿಂದೆ ಆಕಾಶ ಕಂಡಿತು. ಹುಟ್ಟಿದಂದಿನಿಂದ ಆ ಜಾಗದಲ್ಲಿ ಆಕಾಶ ನೋಡಿರಲಿಲ್ಲ. ನಿನಗೆ ಸಂತೋಷವಾಗಲಿ ಎಂದು ಬರೆಯುತ್ತಿಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ.

ಅರ್ಜಿಗೆ ಉತ್ತರ ಮಾರ್ಚ್ 10ಕ್ಕೆ ಬಂತು. ಒಪ್ಪಿದ್ದಾರೆ. ನಾನು ಬರೆದದ್ದೆಲ್ಲ ನಿಜ, ಐದು ದಿನದ ಹೊಗೆ ಗಂಟೆಗೆ ಎಪ್ಪತ್ತೇ ಟನ್, ಸ್ಥಾವರ ಮಿತಿ ದಾಟಿಲ್ಲ ಎಂದು ಬರೆದಿದ್ದಾರೆ. ಸೂಪರ್‌ವೈಸರ್ ಅದರ ಒಂದು ಪ್ರತಿ ಮನೆಗೆ ತಂದುಕೊಟ್ಟ. ಮೀಸೆ ಬೋಳಿಸಿದ್ದ. ನನಗೋಸ್ಕರವೋ ಏನೋ, ನಾನು ಕೇಳಲಿಲ್ಲ. "ಇದನ್ನ ತೋರ್ಸಿ ಮತ್ತೆ ಶುರು ಮಾಡ್ತೀರಾ ಅಂತ ಕೇಳ್ದೆ. ಮುಚ್ಚಿದ್ದು ಮುಚ್ಚಿದ್ದೇ ಅಂದ್ರು" ಅಂದ. ಅವನ ಒಂದೊಂದು ಮಾತೂ ಓದಲು ಬಂತು. ಬರದಿದ್ದರೇ ಚೆನ್ನಾಗಿತ್ತು.

ದಾಟಿದ್ದಕ್ಕೆಂದು ಮೊದಲೇ ಕೊಂಡಿಟ್ಟಿದ್ದ ಹದಿನೈದು ಸಾವಿರ ಚೀಟಿಯೂ, ಉಳಿದ ಆರು ಸಾವಿರವೂ ಮಾಲೀಕರಿಗೆ ಬೇಡವಾದವು. ಬೇರೆ ಸ್ಥಾವರಕ್ಕೆ ಮಾರಿಕೊಂಡರಂತೆ, ಲಾಭಕ್ಕೆ. ಲೂಡಿ ಬಂದು ನನ್ನ ಎರಡೂ ಭುಜ ಹಿಡಿದು, ಬಾಯಿ ಅಗಲಿಸಿ ಹೇಳಿದ: "ನಿನ್ ಕಿವೀನ ಮಾರ್ಕೊಂಡ್ರು ಕಣೋ ಲಿಯೋನ್. ಎರಡನ್ನೂ." ನಾನು ನಕ್ಕೆ. ಅವನ ಜೋಕನ್ನು ಒಂದಕ್ಷರವೂ ಊಹಿಸಿಕೊಳ್ಳದೆ ನಾನು ಪೂರ್ತಿ ಹಿಡಿದದ್ದು ಎಷ್ಟೋ ವರ್ಷದ ಮೇಲೆ.

ನಿನ್ನೆ ಭಾನುವಾರ. ಏಳು ಗಂಟೆಗೆ ಚಮಚ ಅಲುಗಿತು. ಎತ್ತಿದೆ. ಬಾಯಿ ಹತ್ತಿರ ಹಿಡಿಯದೆ, ಬೆರಳಗೆಣ್ಣಿನಲ್ಲಿ ಎರಡು ಸಲ ತಟ್ಟಿದೆ. ಆಮೇಲೆ ಕೇಳುವ ಕಡೆಗೆ ಹೆಬ್ಬೆರಳು ಒತ್ತಿ ಹಿಡಿದೆ. ಏನೋ ಬಡಿದ ಹಾಗಾಯಿತು. ಎರಡು ಸಲ. ಅದು ನೀನೋ, ನನ್ನ ನಾಡಿಯೋ ಗೊತ್ತಾಗಲಿಲ್ಲ. ಮತ್ತೆ ತಟ್ಟಿದೆ. ಮತ್ತೆ ಒತ್ತಿ ಹಿಡಿದೆ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ, ಕೈ ಜೋಮು ಹಿಡಿಯಿತು. ಈ ಸಲ ನಾನು ಮೊದಲು ಇಡಲಿಲ್ಲ.

ಕೇಳಿಸಿತೇ, ಮಗಳೇ? ಬರೆ.

ನಿನ್ನ ಅಪ್ಪ,
ಲಿಯೋನ್